ಧನುಷ್ಕೋಡಿ ಸ್ಟೇಷನ್ನಿನ ಮರಳು

ನಮ್ಮಜ್ಜಿಯ ದೇವರ ಗೂಡಿನಲ್ಲಿ ಒಂದು ತಾಮ್ರದ ಡಬ್ಬಿ ಇದೆ. ಅಂಗೈಯಲ್ಲಿ ಮುಚ್ಚಿಡಬಹುದು, ಅಷ್ಟು ಚಿಕ್ಕದು. ಬಾಯಿಗೆ ಅರಗು ಹಾಕಿ ಭದ್ರ ಮಾಡಿದ್ದಾರೆ. ಅಲ್ಲಾಡಿಸಿದರೆ ಒಳಗೆ ಸರ್ ಅನ್ನುತ್ತದೆ. ಅದು ಸೇತುವಿನ ಮರಳು. 1962ರ ಮಾಘದಲ್ಲಿ ಅಜ್ಜಿ ಅರಸೀಕೆರೆ ಕಡೆಯ ತಮ್ಮ ಊರಿನಿಂದ ಯಾತ್ರೆಗೆ ಹೋಗಿದ್ದಾಗ ರಾಮೇಶ್ವರ ದ್ವೀಪದ ತುದಿಯ ಧನುಷ್ಕೋಡಿಯಲ್ಲಿ ಸ್ನಾನ ಮಾಡಿ ತಂದದ್ದು.

ನಮ್ಮ ಕಡೆ ಹಿರಿಯರಿಗೆ ಕಾಶಿ, ರಾಮೇಶ್ವರ ಎರಡೂ ಸೇರಿದರೇ ಯಾತ್ರೆ. ಸೇತುವಿನ ಮರಳನ್ನು ಪ್ರಯಾಗಕ್ಕೆ ಒಯ್ದು ಗಂಗೆಯಲ್ಲಿ ಬಿಡಬೇಕು. ಅಲ್ಲಿಂದ ಗಂಗಾಜಲ ತಂದು ರಾಮನಾಥಸ್ವಾಮಿಗೆ ಅಭಿಷೇಕ ಮಾಡಿಸಬೇಕು. ಅಜ್ಜಿಗೆ ಕಾಶಿಗೆ ಹೋಗೋಕೆ ಆಗಲೇ ಇಲ್ಲ. ಮರಳು ಡಬ್ಬಿಯಲ್ಲೇ ಉಳಿಯಿತು. ಅವರು ಬಂದು ಮೂರು ವರ್ಷ ತುಂಬುವುದರೊಳಗೆ, ಅವರು ಇಳಿದಿದ್ದ ಸ್ಟೇಷನ್ನೇ ಇಲ್ಲವಾಯಿತು.

ಧನುಷ್ಕೋಡಿ ಅಂದರೆ ಎಲ್ಲರೂ ಹೇಳುವುದು ಚಂಡಮಾರುತ ಬಡಿದ ಒಂದು ರಾತ್ರಿಯ ಕಥೆ. ಆದರೆ ಆ ಸ್ಟೇಷನ್ 1914ರಿಂದ 1964ರವರೆಗೆ 50 ವರ್ಷ ನಡೆದಿತ್ತು. ದಿನಾ ರೈಲು ಬರುತ್ತಿತ್ತು, ಜನ ಇಳಿಯುತ್ತಿದ್ದರು, ಕೂಲಿಗಳು ಪೆಟ್ಟಿಗೆ ಹೊರುತ್ತಿದ್ದರು. ನನಗೆ ಆ 50 ವರ್ಷದ ಜಾಗ ನೋಡಬೇಕು ಅನ್ನಿಸಿತ್ತು. 2025ರ ಆಗಸ್ಟಿನಲ್ಲಿ ಸೋದರಮಾವನ ಜೊತೆ ಹೊರಟೆ. ಮಾವ ರೈಲ್ವೆಯಲ್ಲಿ ಸಿಗ್ನಲ್ ವಿಭಾಗದಲ್ಲಿ ಇದ್ದವರು, ನಿವೃತ್ತರಾಗಿ ಹನ್ನೆರಡು ವರ್ಷವಾಯಿತು.

ಮೊದಲ ದಿನ

ಮೈಸೂರು–ತೂತ್ತುಕುಡಿ ಎಕ್ಸ್‌ಪ್ರೆಸ್ಸಿಗೆ ಮಾವ ಮೈಸೂರಿನಲ್ಲೇ ಹತ್ತಿದ್ದರು. ನಾನು ರಾತ್ರಿ ಬೆಂಗಳೂರಿನಲ್ಲಿ ಹತ್ತಿದೆ. ಅತ್ತೆ ಕಟ್ಟಿಕೊಟ್ಟಿದ್ದ ಚಪಾತಿ, ಚಟ್ನಿಪುಡಿ, ಮೊಸರನ್ನ ತೆರೆದು ಕೂತೆವು. ಹೊಸೂರು ದಾಟುವಾಗ ಮಾವ ಅಜ್ಜಿಯ ಯಾತ್ರೆಯ ಕಥೆ ಶುರು ಮಾಡಿದರು.

"ಆಗ ನಂಗೆ ಒಂಬತ್ತು ವರ್ಷ ಕಣೋ. ಊರಿಂದ ಹನ್ನೊಂದು ಜನ ಹೊರಟ್ರು. ತಗಡಿನ ಟ್ರಂಕು, ಅದರ ತುಂಬ ಅವಲಕ್ಕಿ, ಹುರಿಹಿಟ್ಟು. ನಾನೂ ಬರ್ತೀನಿ ಅಂತ ಅತ್ತು ಹೊರಳಾಡಿದ್ದೆ."

ಅವತ್ತಿನ ದಾರಿ ಹೀಗಿತ್ತಂತೆ. ಅರಸೀಕೆರೆಯಿಂದ ಬೆಂಗಳೂರಿಗೆ ಮೀಟರ್ ಗೇಜ್. ಬೆಂಗಳೂರಿಂದ ಮದ್ರಾಸಿಗೆ ಬ್ರಾಡ್ ಗೇಜ್. ಮದ್ರಾಸಿನಲ್ಲಿ ಸೆಂಟ್ರಲ್ ಸ್ಟೇಷನ್ನಿಂದ ಎಗ್ಮೋರಿಗೆ ಟ್ರಂಕು ಹೊತ್ತು ಹೋಗಿ, ಮತ್ತೆ ಮೀಟರ್ ಗೇಜ್ ರೈಲು ಹಿಡಿದು ಸೀದಾ ಧನುಷ್ಕೋಡಿ. ಆ ರೈಲಿಗೆ ಜನ ಬೋಟ್ ಮೇಲ್ ಅನ್ನುತ್ತಿದ್ದರು.

ಆ ಹೆಸರಿನ ಹಿಂದೆ ಒಂದು ಲೆಕ್ಕಾಚಾರ ಇದೆ. ಮದ್ರಾಸಿನಿಂದ ಸಿಲೋನಿಗೆ, ಅಂದರೆ ಈಗಿನ ಶ್ರೀಲಂಕಾಕ್ಕೆ, ಹೋಗುವವರು ಮೊದಲು ತೂತ್ತುಕುಡಿಯವರೆಗೆ ರೈಲಿನಲ್ಲಿ ಹೋಗಿ, ಅಲ್ಲಿಂದ ಕೊಲಂಬೊಗೆ ಹಡಗು ಹತ್ತುತ್ತಿದ್ದರು. ಸಮುದ್ರದ ಮೇಲಿನ ದಾರಿ ಉದ್ದ. ರಾಮೇಶ್ವರ ದ್ವೀಪದ ತುದಿಯಿಂದಾದರೆ ಸಿಲೋನಿನ ತಲೈಮನ್ನಾರ್ ಕೆಲವೇ ಗಂಟೆಯ ದಾರಿ. ಪಾಂಬನ್ ಕಾಲುವೆಗೆ ಸೇತುವೆ ಕಟ್ಟಿದರೆ ರೈಲನ್ನು ಆ ತುದಿಗೇ ಒಯ್ಯಬಹುದು ಅಂತ ಯೋಚಿಸಿದರು. 1914ರ ಫೆಬ್ರವರಿ 24ಕ್ಕೆ ಪಾಂಬನ್ ಸೇತುವೆ ಶುರುವಾಯಿತು. ಆಮೇಲೆ ಮದ್ರಾಸಿನಲ್ಲಿ ಒಂದೇ ಟಿಕೆಟ್ ತಗೊಂಡರೆ ಸಾಕು. ಧನುಷ್ಕೋಡಿವರೆಗೆ ರೈಲು, ತಲೈಮನ್ನಾರಿಗೆ ಹಡಗು, ಅಲ್ಲಿಂದ ಕೊಲಂಬೊಗೆ ಇನ್ನೊಂದು ರೈಲು. ಕರ್ಜನ್, ಎಲ್ಗಿನ್, ಹಾರ್ಡಿಂಜ್ ಅಂತ ಮೊದಲ ಹಡಗುಗಳು. ಆಮೇಲೆ ಬಂದವು ಇರ್ವಿನ್, ಗೋಶೆನ್. ಎಲ್ಲಕ್ಕೂ ದೊರೆಗಳ ಹೆಸರು.

"ಅಮ್ಮ ಹಡಗು ನೋಡಿದ್ಲಂತೆ. ರೈಲಿಂದ ಇಳಿದವರು ಇಲ್ಲೇ ಪಕ್ಕದ ಮನೆಗೆ ಹೋದಹಾಗೆ ಹಡಗು ಹತ್ತಿಬಿಟ್ರು ಅಂತಿದ್ಲು," ಅಂದರು ಮಾವ. ಆಮೇಲೆ ಲೈಟ್ ಆರಿಸಿ ಮಲಗಿದೆವು.

ಎರಡನೇ ದಿನ

ಬೆಳಿಗ್ಗೆ ಮದುರೈಯಲ್ಲಿ ಇಳಿದು, ಸ್ನಾನ ತಿಂಡಿ ಮುಗಿಸಿ, ಮಧ್ಯಾಹ್ನದ ಪ್ಯಾಸೆಂಜರ್ ಹಿಡಿದೆವು. ಮಾನಾಮದುರೈ, ಪರಮಕುಡಿ, ರಾಮನಾಥಪುರ. ಹೊಲಗಳೆಲ್ಲ ಒಣಗಿದ್ದವು, ಎತ್ತ ನೋಡಿದರೂ ಜಾಲಿ, ತಾಳೆ ಮರ. ನಮ್ಮ ಅರಸೀಕೆರೆ ಬಯಲಿನವರಿಗೆ ಅಪರಿಚಿತ ಅನ್ನಿಸದ ನೆಲ.

ಮಂಡಪಂ ಹತ್ತಿರ ಬಂದಾಗ ಕಿಟಕಿ ಪಕ್ಕಕ್ಕೆ ಸರಿದು ಕೂತೆ. ಸೇತುವೆಗೆ ಮೊದಲು ಈ ಜಾಗದ ಬಗ್ಗೆ ಒಂದು ಮಾತು ಹೇಳಬೇಕು. ಬೋಟ್ ಮೇಲ್ ಅಂದ ಕೂಡಲೇ ಸೂಟು ಹಾಕಿದ ಸಾಹೇಬರೇ ಕಣ್ಣಿಗೆ ಬರುತ್ತಾರೆ. ಆದರೆ ಆ ದಾರಿಯಲ್ಲಿ ಲಕ್ಷಗಟ್ಟಲೆ ಹೋದವರು ಸಿಲೋನಿನ ಚಹಾ, ರಬ್ಬರ್ ತೋಟಕ್ಕೆ ಕೂಲಿಗೆ ಹೊರಟ ತಮಿಳು ನಾಡಿನ ಬಡವರು. ಅವರನ್ನು ಮೊದಲು ಮಂಡಪಂ ಕ್ಯಾಂಪಿನಲ್ಲಿ ಇಳಿಸುತ್ತಿದ್ದರು. ಕೆಲವು ದಿನ ಅಲ್ಲೇ ಇರಿಸಿ, ಸಿಡುಬಿನ ಲಸಿಕೆ ಹಾಕಿ, ರೋಗ ಇಲ್ಲ ಅಂತ ಖಾತ್ರಿಯಾದ ಮೇಲೇ ಮುಂದಕ್ಕೆ ಬಿಡುತ್ತಿದ್ದರು. ಆ ಕ್ಯಾಂಪನ್ನು ನಡೆಸುತ್ತಿದ್ದದ್ದು ಸಿಲೋನ್ ಸರ್ಕಾರ. ಅಂಥವರಿಗೆ ಧನುಷ್ಕೋಡಿ ಅಂದರೆ ಹುಟ್ಟಿದ ನೆಲ ಮುಗಿಯುವ ಸ್ಟೇಷನ್. ಎಷ್ಟೋ ಜನ ತಿರುಗಿ ಬರಲಿಲ್ಲ. ಅಜ್ಜಿ ಇಳಿದ ಪ್ಲಾಟ್‌ಫಾರಂ ಮೇಲೆ ಅವರೂ ಇಳಿದಿದ್ದರು ಅನ್ನುವುದು ನನಗೆ ಹೊರಡುವ ಮುಂಚೆ ಹೊಳೆದೇ ಇರಲಿಲ್ಲ.

ರೈಲು ಹೊಸ ಸೇತುವೆಗೆ ಏರಿತು. 2025ರ ಏಪ್ರಿಲ್ 6ಕ್ಕೆ ಪ್ರಧಾನಿ ಉದ್ಘಾಟಿಸಿದ ಸೇತುವೆ ಇದು. ಉದ್ದ 2 ಕಿ.ಮೀ. ಮೇಲೆ. ನಡುವಿನ 72.5 ಮೀಟರ್ ಭಾಗ ಹಡಗು ಬಂದಾಗ ಲಿಫ್ಟಿನ ಹಾಗೆ ನೇರ ಮೇಲಕ್ಕೆ ಏಳುತ್ತದೆ. ಪಕ್ಕದಲ್ಲೇ ಹಳೇ ಸೇತುವೆ, ತುಕ್ಕು ಬಣ್ಣಕ್ಕೆ ತಿರುಗಿ ನಿಂತಿತ್ತು. ಅದರ ನಡುಭಾಗ ಎರಡು ಬಾಗಿಲ ಹಾಗೆ ಎರಡೂ ಕಡೆಗೆ ಏಳುತ್ತಿತ್ತು. ಮಾವ ಹೊಸದನ್ನು ನೋಡಲೇ ಇಲ್ಲ. ಹಳೇ ಸೇತುವೆಯ ಕಂಬಗಳನ್ನು ಎಣಿಸುತ್ತಾ, ತುಟಿ ಅಲ್ಲಾಡಿಸುತ್ತಾ ಕೂತಿದ್ದರು. ಇಬ್ಬದಿಯಲ್ಲೂ ನೀರು. ರೈಲಿನ ಸದ್ದು ಬಿಟ್ಟರೆ ಬೋಗಿಯಲ್ಲಿ ಯಾರೂ ಮಾತಾಡಲಿಲ್ಲ.

ಹಿಂದೆ ಪಾಂಬನ್ ಸ್ಟೇಷನ್ನಿನಿಂದ ಲೈನು ಎರಡಾಗುತ್ತಿತ್ತು. ಒಂದು ರಾಮೇಶ್ವರಕ್ಕೆ, ಇನ್ನೊಂದು ಧನುಷ್ಕೋಡಿಗೆ. ಈಗ ಒಂದೇ. ಸಂಜೆ ರಾಮೇಶ್ವರದಲ್ಲಿ ಇಳಿದು ದೇವಸ್ಥಾನದ ಉದ್ದದ ಪ್ರಾಕಾರದಲ್ಲಿ ಸುಮ್ನೆ ಒಂದು ಸುತ್ತು ನಡೆದೆವು. ಬಾವಿಗಳ ಸ್ನಾನ ನಾಳಿದ್ದಿಗೆ ಇಟ್ಟುಕೊಂಡೆವು. ಮೊದಲು ಸೇತು ಸ್ನಾನ, ಆಮೇಲೆ ಸ್ವಾಮಿ ದರ್ಶನ ಅಂತ ಅಜ್ಜಿ ಹೇಳುತ್ತಿದ್ದ ಕ್ರಮ.

ಮೂರನೇ ದಿನ

ಬೆಳಿಗ್ಗೆ ಆಟೊ ಮಾಡಿಕೊಂಡು ಹೊರಟೆವು. ಊರು ದಾಟಿದ ಮೇಲೆ ಸರ್ವೆ ಮರ, ಆಮೇಲೆ ಬರೀ ಮರಳು. ಎಡಕ್ಕೂ ಬಲಕ್ಕೂ ಸಮುದ್ರ ಹತ್ತಿರ ಹತ್ತಿರ ಬರುತ್ತದೆ. ಕೊನೆಗೆ ನಡುವೆ ರಸ್ತೆಯೊಂದೇ ಉಳಿದ ಹಾಗೆ ಕಾಣುತ್ತದೆ.

ಈ ದಾರಿಯ ಪಕ್ಕದಲ್ಲೇ ರೈಲು ಓಡುತ್ತಿತ್ತು. ಎರಡನೇ ಮಹಾಯುದ್ಧದ ಕಾಲದಲ್ಲಿ ರಾಮೇಶ್ವರದಲ್ಲಿ ರೈಲು ನಿಲ್ಲುವುದು ರದ್ದಾಗಿತ್ತು. ಪೇಪರಿನ ಕಟ್ಟುಗಳನ್ನು ಓಡುವ ರೈಲಿನಿಂದಲೇ ರಾಮೇಶ್ವರ, ಧನುಷ್ಕೋಡಿಗಳ ನಡುವೆ ಎಸೆಯುತ್ತಿದ್ದರು. ಅದನ್ನು ಹೆಕ್ಕಿಕೊಳ್ಳಲು ಒಬ್ಬ ಹುಡುಗ ಬೇಕಾಗಿದ್ದ. ಆ ಹುಡುಗ ಮುಂದೆ ನಮ್ಮ ರಾಷ್ಟ್ರಪತಿಯಾದ ಅಬ್ದುಲ್ ಕಲಾಂ. ಅವರ ಮೊದಲ ಸಂಪಾದನೆ ಈ ಲೈನಿನದು.

ಮುಕುಂದರಾಯರ್ ಛತ್ರದಿಂದ ಆಚೆಗೆ 2017ರವರೆಗೂ ರಸ್ತೆ ಇರಲಿಲ್ಲ. ಮರಳಿನ ಮೇಲೆ ವ್ಯಾನು, ಜೀಪಿನಲ್ಲಿ ಕುಲುಕಾಡಿಕೊಂಡು ಹೋಗಬೇಕಿತ್ತು. ಈಗ ಅರಿಚಲ್ ಮುನೈ ತುದಿಯವರೆಗೂ ಟಾರು ಇದೆ. ನಾವು ತುದಿಗೆ ಆಮೇಲೆ ಹೋಗೋಣ ಅಂತ ಊರಿನ ಹತ್ತಿರವೇ ಇಳಿದುಬಿಟ್ಟೆವು.

ಊರು ಅಂದರೆ ಏನಿದೆ? ಮಾಡು ಹಾರಿಹೋದ ಚರ್ಚು. ಪೋಸ್ಟ್ ಆಫೀಸು, ಶಾಲೆ ಇದ್ದ ಗೋಡೆಗಳು. ಎತ್ತರದ ಒಂದು ನೀರಿನ ಟ್ಯಾಂಕು. ಮೀನುಗಾರರ ಗರಿಯ ಗುಡಿಸಲು, ಶಂಖ ಕವಡೆಯ ಅಂಗಡಿ. ಸ್ಟೇಷನ್ನಿಂದ ಉಳಿದಿರುವುದು ಕಮಾನಿನ ಕೆಲವು ಗೋಡೆಗಳು, ಅಷ್ಟೇ. ಹಳಿ ಇಲ್ಲ, ಸ್ಲೀಪರ್ ಇಲ್ಲ, ಹೆಸರಿನ ಬೋರ್ಡಿಲ್ಲ. ಮಾವ ಗೋಡೆಯ ಒಂದು ತುದಿಯಿಂದ ಇನ್ನೊಂದಕ್ಕೆ ಹೆಜ್ಜೆ ಹಾಕಿ ಅಳೆದರು. ಕಿಟಕಿಯಂತಿದ್ದ ಒಂದು ಕಂಡಿಯ ಎದುರು ನಿಂತು, "ಟಿಕೆಟ್ ಕೊಡೋ ಜಾಗ ಇಲ್ಲೇ ಇದ್ದಿರಬೇಕು ಕಣೋ," ಅಂದರು.

ನಾನು ಗೋಡೆಗೆ ಮುಖ ಹತ್ತಿರ ತಂದು ನೋಡಿದೆ. ಗಾರೆ ಉದುರಿಹೋದ ಕಡೆ ಕಲ್ಲು ಕಾಣುತ್ತಿತ್ತು. ಅದು ಕಲ್ಲಲ್ಲ, ಹವಳದ ಗಟ್ಟಿ. ಮೇಲ್ಮೈ ತುಂಬ ಸಣ್ಣ ಸಣ್ಣ ತೂತು. ಒಂದೊಂದು ತೂತಿನ ಒಳಗೂ ಹೂವಿನ ಎಸಳಿನ ಹಾಗೆ ಗೆರೆ. ಇನ್ನೊಂದು ಗಟ್ಟಿಯ ಮೇಲೆ ಹಾವು ಹರಿದ ಹಾಗೆ ಸುತ್ತಿ ಸುತ್ತಿ ಹೋದ ಗೀಟು. ಬೆರಳಿಟ್ಟರೆ ಉಪ್ಪುಕಾಗದದ ಹಾಗೆ ಒರಟು. ಸಂದಿನಲ್ಲಿ ಕೆಂಪು ಇಟ್ಟಿಗೆ, ಸುಣ್ಣದ ಗಾರೆ. ಸಮುದ್ರದ ಹವಳವನ್ನೇ ಕತ್ತರಿಸಿ ಕಟ್ಟಿದ ಊರು ಇದು. ಗೋಡೆಯ ಬುಡದಲ್ಲಿ ಮರಳು ಮೊಣಕಾಲೆತ್ತರ ಕೂತಿತ್ತು. ಗಾಳಿ ಬೀಸಿದಾಗೆಲ್ಲ ಅದರ ಮೇಲಿಂದ ತೆಳ್ಳಗೆ ಒಂದು ಪದರ ಜಾರುತ್ತಿತ್ತು.

ಆಗ ಇಲ್ಲಿ ಕಸ್ಟಮ್ಸ್ ಕಚೇರಿ, ಬಂದರು ಕಚೇರಿ, ಆಸ್ಪತ್ರೆ, ಯಾತ್ರಿಕರಿಗೆ ಛತ್ರ ಎಲ್ಲ ಇತ್ತು. ರೈಲು ಹಡಗುಕಟ್ಟೆಯವರೆಗೂ ಹೋಗುತ್ತಿತ್ತು. ಒಂದು ಕಡೆ ಪಾಸ್‌ಪೋರ್ಟು ಹಿಡಿದವರು. ಇನ್ನೊಂದು ಕಡೆ ಟಿನ್ನಿನ ಪೆಟ್ಟಿಗೆ ಹೊತ್ತ ತೋಟದ ಕೂಲಿಗಳು. ಅವರ ನಡುವೆ ಒದ್ದೆ ಸೀರೆಯಲ್ಲಿ ತಾಮ್ರದ ಡಬ್ಬಿ ಹಿಡಿದು ನಿಂತ ಅಜ್ಜಿಯಂಥವರು. ಸ್ಟೇಷನ್ ಹೊರಗೆ ಕಾಲಿಟ್ಟರೆ ಪಾದ ಮರಳಿನಲ್ಲಿ ಹೂತುಹೋಗುತ್ತಿತ್ತು ಅಂತ ಅಜ್ಜಿ ಹೇಳುತ್ತಿದ್ದದ್ದನ್ನು ಮಾವ ನೆನಪಿಸಿಕೊಂಡರು.

ಗುಡಿಸಲ ಹಿಂದೆ ಒಬ್ಬ ಹೆಂಗಸು ಮರಳಿನ ಗುಂಡಿಯ ಪಕ್ಕ ಕೂತು ಚಿಪ್ಪಿನಿಂದ ನೀರು ಮೊಗೆಯುತ್ತಿದ್ದರು. ಗುಂಡಿ ಮೊಣಕಾಲುದ್ದವೂ ಇಲ್ಲ. ನಾಲ್ಕು ಚಿಪ್ಪು ಮೊಗೆದರೆ ಖಾಲಿ. ಆಮೇಲೆ ಸ್ವಲ್ಪ ಹೊತ್ತು ಸುಮ್ಮನೆ ಕೂರುತ್ತಾರೆ, ಸುತ್ತಲಿಂದ ನೀರು ಮೆಲ್ಲಗೆ ಒಸರಿ ತುಂಬುತ್ತದೆ, ಮತ್ತೆ ಮೊಗೆಯುತ್ತಾರೆ. ನಮ್ಮ ಕಡೆ ಬೇಸಿಗೆಯಲ್ಲಿ ಹೊಳೆ ಮರಳಿನಲ್ಲಿ ಒರತೆ ತೆಗೆದ ಹಾಗೆಯೇ. ಕೇಳದೆಯೇ ನಮಗೂ ಒಂದು ಚಿಪ್ಪು ನೀರು ಕೊಟ್ಟರು. ಸಿಹಿ ನೀರು! ಸಮುದ್ರ ಐವತ್ತು ಹೆಜ್ಜೆಯಲ್ಲಿದೆ. ಮಳೆಯ ನೀರು ಮರಳಿಗೆ ಇಳಿದು, ಉಪ್ಪುನೀರಿಗಿಂತ ಹಗುರ ಆದ್ದರಿಂದ ಅದರ ಮೇಲೆಯೇ ತೆಳ್ಳಗೆ ನಿಲ್ಲುತ್ತದೆ. ಜಾಸ್ತಿ ಆಳ ತೋಡಿದರೆ ಉಪ್ಪು ಬರುತ್ತದೆ. ಎಷ್ಟು ತೋಡಬೇಕು ಅನ್ನುವುದು ಇಲ್ಲಿನ ಹೆಂಗಸರ ಕೈಗೆ ಗೊತ್ತು.

ಅವರೇ ಎರಡು ಸಮುದ್ರದ ಹೆಸರನ್ನೂ ಹೇಳಿದರು. ಬಂಗಾಳ ಕೊಲ್ಲಿಯ ಕಡೆಯದು ಪೆಣ್ ಕಡಲ್, ಹೆಣ್ಣು ಸಮುದ್ರ. ಮನ್ನಾರ್ ಕೊಲ್ಲಿಯ ಕಡೆಯದು ಆಣ್ ಕಡಲ್, ಗಂಡು. ಆಗಸ್ಟ್ ಆದ್ದರಿಂದ ಗಂಡು ಸಮುದ್ರ ಅಬ್ಬರಿಸುತ್ತಿತ್ತು. ಆಚೆ ಕಡೆಯದು ಕೆರೆಯ ಹಾಗೆ ತಣ್ಣಗಿತ್ತು. 1964ರ ಡಿಸೆಂಬರಿನಲ್ಲಿ ಹಾಗಿರಲಿಲ್ಲ.

ಆ ರಾತ್ರಿಯ ಮಾತನ್ನು ಬಿಡುವ ಹಾಗೂ ಇಲ್ಲ. ಡಿಸೆಂಬರ್ 17ಕ್ಕೆ ಅಂಡಮಾನ್ ಕಡೆ ಎದ್ದ ವಾಯುಭಾರ ಕುಸಿತ ಚಂಡಮಾರುತವಾಗಿ, ಸಿಲೋನ್ ದಾಟಿ, 22ರ ರಾತ್ರಿ ಇಲ್ಲಿಗೆ ಬಡಿಯಿತು. ಸಮುದ್ರ ಸುಮಾರು 7 ಮೀಟರ್ ಎದ್ದಿತು ಅನ್ನುತ್ತಾರೆ. ಅದೇ ರಾತ್ರಿ 11.55ಕ್ಕೆ ಪಾಂಬನ್ನಿನಿಂದ 653ನೇ ನಂಬರಿನ ಪ್ಯಾಸೆಂಜರ್ ಹೊರಟಿತ್ತು. ಆರು ಬೋಗಿ. ಲೆಕ್ಕಕ್ಕೆ ಸಿಕ್ಕವರು 110 ಪ್ರಯಾಣಿಕರು, 5 ಸಿಬ್ಬಂದಿ. ಟಿಕೆಟ್ ಇಲ್ಲದೆ ಹತ್ತಿದವರೂ ಇದ್ದಿರಬಹುದು. ಧನುಷ್ಕೋಡಿ ಹತ್ತಿರ ಸಿಗ್ನಲ್ ಕೆಟ್ಟಿತ್ತು. ಡ್ರೈವರ್ ನಿಲ್ಲಿಸಿದರು. ಸ್ವಲ್ಪ ಹೊತ್ತು ಕಾದು, ಉದ್ದಕ್ಕೆ ಸೀಟಿ ಊದಿ, ಮುಂದಕ್ಕೆ ಬಿಟ್ಟರು. ಅಲೆ ಬಂದು ಇಡೀ ರೈಲನ್ನು ಎಳೆದುಕೊಂಡು ಹೋಯಿತು. ಒಬ್ಬರೂ ಉಳಿಯಲಿಲ್ಲ.

ಮಾವ ಮರಳಿನ ಮೇಲೆ ಕೂತು ಇದೊಂದು ವಿಷಯವನ್ನೇ ಬಹಳ ಹೊತ್ತು ಮಾತಾಡಿದರು.

"ನಮ್ಮಲ್ಲಿ ಆರಿಹೋದ ಸಿಗ್ನಲ್ ಅಂದ್ರೆ ಕೆಂಪು ಅಂತಲೇ ಲೆಕ್ಕ. ಅವನು ನಿಲ್ಲಿಸಿದ್ದಾನೆ, ಸರಿಯಾಗೇ ಮಾಡಿದ್ದಾನೆ. ಆದ್ರೆ ಅಲ್ಲಿ ಯಾರನ್ನ ಕೇಳ್ತಾನೆ? ಕತ್ತಲು, ಆ ಗಾಳಿ, ಎರಡೂ ಕಡೆ ನೀರು ಏರ್ತಾ ಇದೆ. ನಿಂತ್ರೆ ಬಯಲಲ್ಲಿ ನಿಂತಹಾಗೆ. ಮುಂದೆ ಹೋದ್ರೆ ಸ್ಟೇಷನ್ನು, ಗೋಡೆ, ದೀಪ ಇರತ್ತೆ ಅಂದ್ಕೊಂಡಿರ್ತಾನೆ. ನಾನಾಗಿದ್ರೂ ಹೋಗ್ತಿದ್ದೆ."

"ಸ್ಟೇಷನ್ ಆಗಲೇ ಮುಳುಗಿತ್ತಲ್ವಾ ಮಾವ?"

"ಅದು ಅವನಿಗೆ ಹೇಗೆ ಗೊತ್ತಾಗಬೇಕೋ? ತಂತಿಯೆಲ್ಲ ಕಿತ್ತುಹೋಗಿದೆ."

ಚಂಡಮಾರುತದಲ್ಲಿ ಸತ್ತವರು ಸಾವಿರ ದಾಟಿದರು. ಆಗಿನ ಮದ್ರಾಸ್ ಸರ್ಕಾರ ಈ ಊರು ವಾಸಕ್ಕೆ ಯೋಗ್ಯವಲ್ಲ ಅಂತ ಘೋಷಿಸಿತು. ಲೈನನ್ನು ಮತ್ತೆ ಹಾಕಲಿಲ್ಲ. ಸಿಲೋನಿನ ಹಡಗು ಆಮೇಲೆ ರಾಮೇಶ್ವರದಿಂದ ಹೊರಡತೊಡಗಿತು. ಶ್ರೀಲಂಕಾದ ಅಂತರ್ಯುದ್ಧ ಶುರುವಾದ ಮೇಲೆ, 1984ಕ್ಕೆ ಅದೂ ನಿಂತಿತು.

2019ರ ಮಾರ್ಚಿನಲ್ಲಿ ರಾಮೇಶ್ವರ–ಧನುಷ್ಕೋಡಿ 17 ಕಿ.ಮೀ. ಲೈನಿಗೆ ಮತ್ತೆ ಅಡಿಗಲ್ಲು ಹಾಕಿದ್ದರು. 208 ಕೋಟಿ ರೂಪಾಯಿಯ ಯೋಜನೆ. ಕೆಲಸ ಮುಂದೆ ಸಾಗಲಿಲ್ಲ. ರೈಲು ಅಂದರೆ ಪ್ರಾಣ ಬಿಡುವ ನನಗೂ ಇಲ್ಲಿ ಲೈನು ಬೇಡ ಅನ್ನಿಸುತ್ತದೆ. ಈ ನೆಲ ತುಂಬ ತೆಳುವು. ನೋಡಲು ಬರುವವರಿಗೆ ರಸ್ತೆ ಸಾಕು. ಅದರ ಬದಲು ಈ ಗೋಡೆಗಳು ಇನ್ನಷ್ಟು ಉದುರದ ಹಾಗೆ ಕಾಪಾಡಲಿ. ಪಕ್ಕದಲ್ಲಿ ಹಳದಿ ಬಣ್ಣದ ಒಂದು ಸ್ಟೇಷನ್ ಬೋರ್ಡು ನೆಡಲಿ, ಕಪ್ಪಕ್ಷರದಲ್ಲಿ ಧನುಷ್ಕೋಡಿ ಅಂತ ಬರೆಯಲಿ. ನಾವು ಅಲ್ಲಿದ್ದ ಎರಡು ಗಂಟೆಯಲ್ಲಿ ಎಷ್ಟೋ ಜನ ಚರ್ಚಿನ ಎದುರು ಫೋಟೋ ತೆಗೆಸಿಕೊಂಡರು. ಈ ಗೋಡೆ ಸ್ಟೇಷನ್ನಿನದು ಅಂತ ಹೆಚ್ಚಿನವರಿಗೆ ತಿಳಿಯಲೇ ಇಲ್ಲ.

ಅರಿಚಲ್ ಮುನೈಗೆ ಹೋಗಿ ಹೆಣ್ಣು ಸಮುದ್ರದ ಕಡೆ ನಿಂತು ತಲೆಗೆ ನೀರು ಹಾಕಿಕೊಂಡೆವು. ವಿಭೀಷಣನ ಕೋರಿಕೆಯಂತೆ ರಾಮ ಬಿಲ್ಲಿನ ತುದಿಯಿಂದ ಸೇತುವನ್ನು ಮುರಿದ ಜಾಗ, ಅದಕ್ಕೇ ಧನುಷ್ಕೋಡಿ. ಬರುವಾಗ ಕೋದಂಡರಾಮಸ್ವಾಮಿ ಗುಡಿಗೆ ಹೋದೆವು. ಸುತ್ತಲಿನದೆಲ್ಲ ಕೊಚ್ಚಿಹೋದರೂ 1964ರಲ್ಲಿ ಉಳಿದುಕೊಂಡ ಗುಡಿ.

ನಾಲ್ಕನೇ ದಿನ

ಬೆಳಿಗ್ಗೆ ಅಗ್ನಿತೀರ್ಥ, 22 ತೀರ್ಥಗಳ ಸ್ನಾನ, ಸ್ವಾಮಿ ದರ್ಶನ. ಮಧ್ಯಾಹ್ನ ಪಾಂಬನ್ನಿಗೆ ಬಂದು ರಸ್ತೆ ಸೇತುವೆಯ ಮೇಲೆ ನಿಂತೆವು. ಅಲ್ಲಿಂದ ಹಳೇದು, ಹೊಸದು ಎರಡೂ ರೈಲು ಸೇತುವೆ ಕೆಳಗೆ ಕಾಣುತ್ತಿದ್ದವು.

ಹಳೇ ಸೇತುವೆಯೂ ಅದೇ ರಾತ್ರಿ ಮುರಿದಿತ್ತು. ಹಳಿಯನ್ನು ಹೊತ್ತ ಉಕ್ಕಿನ ತೊಲೆಗಳು, ಅಂದರೆ ಗರ್ಡರುಗಳು, 145 ಇದ್ದವು; ಅದರಲ್ಲಿ 126 ಸಮುದ್ರಕ್ಕೆ ಬಿದ್ದವು. ನಡುವಿನ ಏಳುವ ಭಾಗ ಮಾತ್ರ ನಿಂತುಕೊಂಡಿತು. ಸರಿಮಾಡಲು ರೈಲ್ವೆ 6 ತಿಂಗಳ ಗಡುವು ಇಟ್ಟಿತ್ತು. ಆ ಕೆಲಸ ಬಂದದ್ದು 32 ವರ್ಷದ ಇಂಜಿನಿಯರ್ ಇ. ಶ್ರೀಧರನ್ ಕೈಗೆ. ಸಮುದ್ರದ ತಳದಿಂದ ಗರ್ಡರುಗಳನ್ನು ಮೇಲೆತ್ತಿ, ಮತ್ತೆ ಕೂಡಿಸಿ, 46 ದಿನದಲ್ಲಿ ರೈಲು ಓಡಿಸಿದರು. ಕಾರವಾರ, ಕುಂದಾಪುರ, ಉಡುಪಿಗೆ ಕೊಂಕಣ ರೈಲು ತಂದವರೂ ಇವರೇ.

ಮಾವ ಕಂಬಿಗೆ ಒರಗಿ ನೋಡುತ್ತಲೇ ಇದ್ದರು. "ಅಮ್ಮ ಹೋಗಿದ್ದು ಇದರ ಮೇಲೇ," ಅಂದರು. ಸ್ವಲ್ಪ ಹೊತ್ತಾದ ಮೇಲೆ, "ಆ ರೈಲಲ್ಲಿ ಕಿಟಕಿ ಸರಳು ಹಿಡ್ಕೊಂಡು ಕಣ್ಣು ಮುಚ್ಕೊಂಡಿದ್ಲಂತೆ," ಅಂದರು.

ಸಂಜೆ ರೈಲು ಹತ್ತುವ ಮುಂಚೆ ಊರಿಗೆ ಫೋನ್ ಮಾಡಿದೆ. ನನ್ನ ಬ್ಯಾಗಿನಲ್ಲಿ ಕರವಸ್ತ್ರದಲ್ಲಿ ಕಟ್ಟಿದ ಒಂದು ಹಿಡಿ ಮರಳಿತ್ತು. ಸ್ಟೇಷನ್ ಗೋಡೆಯ ಬುಡದಿಂದ ತೆಗೆದದ್ದು.

"ಅಜ್ಜಿ ಡಬ್ಬಿಗೆ ಬೆರೆಸ್ಬೇಡ," ಅಂದಳು ಅಮ್ಮ. "ಅದು ಅವರ ಹೆಸರಲ್ಲಿ ತಂದಿದ್ದು. ಇದನ್ನ ಬೇರೆ ಕಟ್ಟಿಡು. ಮುಂದಿನ ಮಾಘಕ್ಕೆ ಪ್ರಯಾಗಕ್ಕೆ ಹೋಗೋಣ, ಎರಡನ್ನೂ ಒಟ್ಟಿಗೆ ಬಿಡೋಣ. ಅಣ್ಣನ್ನೂ ಕೇಳು, ಬರ್ತಾನಾ ಅಂತ."

ಮಾವನನ್ನು ಕೇಳಿದೆ. ಅವರು ಆಗಲೇ ಮೊಬೈಲಿನಲ್ಲಿ ಪ್ರಯಾಗರಾಜಿನ ರೈಲು ಹುಡುಕುತ್ತಿದ್ದರು.